ಐದು ವರ್ಷದವನಿಗೆ ಡಿಸೈನರ್ ಜಾಕೆಟ್, ಹನ್ನೆರಡರವಳಿಗೆ ಮುನಿಸು: ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇಬ್ಬರ_ಅಮ್ಮ

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ನಮ್ಮ ಮನೆಯಲ್ಲಿ ದೊಡ್ಡದಾಗಿ ಕೂತಿದೆ.

ನನ್ನ ನಾದಿನಿ ನಮ್ಮ ಮಗನಿಗೆ ಡಿಸೈನರ್ ಜಾಕೆಟ್ ತಂದುಕೊಟ್ಟಿದ್ದಾರೆ. ಅವನಿಗೆ ಐದು ವರ್ಷ. ಎದೆ ಮೇಲೆ ಕಂಪನಿಯ ಹೆಸರು ಇಷ್ಟಗಲ ಕಸೂತಿಯಲ್ಲಿದೆ. ಬೆಲೆ ಚೀಟಿ ತೆಗೆಯುವುದನ್ನು ಅವರು ಮರೆತಿದ್ದರು, ಅಥವಾ ಮರೆತ ಹಾಗೆ ಮಾಡಿದ್ದರು. ಅದನ್ನು ನೋಡಿದ್ದೇ ತಡ, ನನ್ನ ಗಂಡ ಜಾಕೆಟ್ಟನ್ನು ಬೀರುವಿಗೆ ಸೇರಿಸಿ ‘ಫಂಕ್ಷನ್‌ಗೆ ಮಾತ್ರ’ ಅಂದರು. ಮಗನಿಗೆ ಅದನ್ನೇ ಹಾಕಿಕೊಂಡು ಮರಳಲ್ಲಿ ಆಡಬೇಕು. ಅತ್ತೆ ‘ವಾಪಸ್ ಕೊಟ್ಟುಬಿಡು, ಈಗಲೇ ಈ ಶೋಕಿ ಬೇಡ’ ಅನ್ನುತ್ತಾರೆ. ಕೊಟ್ಟವರು ಅವರ ಮಗಳೇ, ಆದರೂ ವಾಪಸ್ ಕೊಡಬೇಕಾದವಳು ನಾನು!

ಇದರ ನಡುವೆ ಹನ್ನೆರಡು ವರ್ಷದ ಮಗಳು ಮುಖ ಊದಿಸಿಕೊಂಡಿದ್ದಾಳೆ. ಅವಳು ಒಂದು ಬ್ರ್ಯಾಂಡಿನ ಹೂಡಿ (ಟೋಪಿ ಇರುವ ಸ್ವೆಟ್‌ಶರ್ಟ್) ಕೇಳಿದಾಗ ‘ಅಷ್ಟು ದುಡ್ಡು ಸುರಿದು ಯಾರಾದರೂ ಬಟ್ಟೆ ತಗೋತಾರಾ’ ಅಂತ ಇದೇ ಅಪ್ಪ ಹೇಳಿದ್ದು. ಈಗ ಅವಳಿಗೆ ಏನು ಹೇಳೋದು?

ಹಾಕಿಸಬೇಕಾ, ಎತ್ತಿಡಬೇಕಾ, ವಾಪಸ್ಸಾ? ನಿಮ್ಮ ಮನೆಗಳಲ್ಲಿ ಹೇಗೆ?

ಲೆಕ್ಕದ_ಅಪ್ಪ

ಮೊದಲು ಬೀರುವಿನಿಂದ ಹೊರಗೆ ತೆಗೆಯಿರಿ.

ಹುಟ್ಟಿದಾಗ ಮಗು ಸುಮಾರು 50 ಸೆಂಟಿಮೀಟರ್ ಉದ್ದ ಇರುತ್ತದೆ. ಒಂದು ವರ್ಷಕ್ಕೆ ಸುಮಾರು 75. ನಾಲ್ಕು ತುಂಬುವಾಗ ಒಂದು ಮೀಟರಿನ ಆಸುಪಾಸು. ಆಮೇಲೆ ವೇಗ ತಗ್ಗುತ್ತದೆ, ಆದರೂ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಮೊದಲು ಸಿಕ್ಕಿಬೀಳೋದು ತೋಳು. ಮಣಿಕಟ್ಟು ಹೊರಗೆ ಬಂತು ಅಂದರೆ ಜಾಕೆಟ್ ಕಥೆ ಮುಗೀತು. ಹಾಗಾಗಿ ಇದಕ್ಕೆ ಒಂದು ಚಳಿಗಾಲ, ಪುಣ್ಯ ಇದ್ದರೆ ಎರಡು.

ಬೆಲೆಯನ್ನು ಎಷ್ಟು ಸಲ ತೊಟ್ಟ ಅನ್ನುವುದರಿಂದ ಭಾಗಿಸಿ. ದಿನಾ ಹಾಕಿದರೆ ಒಂದು ಸಲದ ಖರ್ಚು ಎಲ್ಲೋ ಇಳಿದುಬಿಡುತ್ತದೆ. ಎರಡು ಫಂಕ್ಷನ್‌ಗೆ ಹಾಕಿ ಎತ್ತಿಟ್ಟರೆ ನಿಮ್ಮ ಮನೆಯಲ್ಲೇ ಅತಿ ದುಬಾರಿ ಬಟ್ಟೆ ಅದೇ. ನಿಮ್ಮ ಯಜಮಾನರು ಉಳಿತಾಯ ಮಾಡುತ್ತಿದ್ದೇನೆ ಅಂದುಕೊಂಡು ಉಲ್ಟಾ ಮಾಡುತ್ತಿದ್ದಾರೆ.

ಒಂದು ವಿಷಯ ಸೇರಿಸುತ್ತೇನೆ. ಬೆಳೆಯುವ ಮಕ್ಕಳ ಜೊತೆಗೇ ಹಿಗ್ಗುವ ಬಟ್ಟೆ ಮಾಡಿದವರೂ ಇದ್ದಾರೆ. ಪೆಟಿ ಪ್ಲಿ ಅಂತ, ಒತ್ತೊತ್ತಾಗಿ ನೆರಿಗೆ ಹಿಡಿದ ಬಟ್ಟೆ. ಅದಕ್ಕೆ 2017ರಲ್ಲಿ ಬ್ರಿಟನ್ನಿನ ಜೇಮ್ಸ್ ಡೈಸನ್ ಪ್ರಶಸ್ತಿ ಬಂತು. ಡಿಸೈನರ್ ಅಂದರೆ ನನಗೆ ಅದು. ಎದೆ ಮೇಲೆ ಹೆಸರು ಬರೆಯೋದಲ್ಲ.

ಚಿಟ್ಟೆ_ರೆಕ್ಕೆ

ಬಂದರಪ್ಪಾ ಕ್ಯಾಲ್ಕುಲೇಟರ್ ಹಿಡಿದುಕೊಂಡು.

ನಾನು ಮಗಳಿಗೆ ಡಿಸೈನರ್ ಬಟ್ಟೆ ತರುತ್ತೇನೆ. ಸಾಲ ಮಾಡಿ ಅಲ್ಲ, ನನ್ನ ದುಡಿಮೆಯಲ್ಲಿ. ಯಾಕೆ ಅಂದರೆ ನನಗೆ ಚಂದದ ಬಟ್ಟೆ ಇಷ್ಟ. ಒಳ್ಳೆ ಬಣ್ಣ, ಒಳ್ಳೆ ಕಟ್, ಕೈಗೆ ಹಿತವಾದ ಬಟ್ಟೆ. ದೊಡ್ಡವರು ಬೆಲೆಬಾಳುವ ಕಾರು ಕೊಂಡರೆ ‘ಅಭಿರುಚಿ’, ಮಗುವಿಗೆ ಒಳ್ಳೆ ಫ್ರಾಕ್ ಕೊಂಡರೆ ‘ಶೋಕಿ’. ಇದ್ಯಾವ ನ್ಯಾಯ?

ಇನ್ನೊಂದು. ಇದು ಇವತ್ತಿನ ಹುಚ್ಚು ಅಂದುಕೊಳ್ಳಬೇಡಿ. ಜೀನ್ ಲಾನ್ವಿನ್ ಪ್ಯಾರಿಸ್ಸಿನಲ್ಲಿ ಟೋಪಿ ಮಾಡುತ್ತಿದ್ದ ಹೆಣ್ಣುಮಗಳು. ತನ್ನ ಮಗಳು ಮಾರ್ಗರೀಟ್‌ಗೆ ಅಂತ ಚಂದದ ಬಟ್ಟೆ ಹೊಲಿಯುತ್ತಿದ್ದರು. 1908ರಲ್ಲಿ ಮಕ್ಕಳ ಬಟ್ಟೆಯ ವಿಭಾಗವನ್ನೇ ತೆರೆದರು. ಅವರು ಕಟ್ಟಿದ ಫ್ಯಾಷನ್ ಕಂಪನಿಯ ಚಿಹ್ನೆಯಲ್ಲಿ ಇವತ್ತಿಗೂ ಇರೋದು ಕೈ ಕೈ ಹಿಡಿದ ತಾಯಿ ಮಗಳು. ಶುರುವಾದದ್ದು ಅಮ್ಮನ ಪ್ರೀತಿಯಿಂದ, ಜಂಭದಿಂದ ಅಲ್ಲ.

ಲೆಕ್ಕದ_ಅಪ್ಪ

ಶುರುವಾದದ್ದು ಪ್ರೀತಿಯಿಂದ, ಒಪ್ಪಿದೆ. ಅಂಗಡಿ ತುಂಬಿದ್ದು? ಆ ಮಗುವಿನ ಬಟ್ಟೆ ನೋಡಿದ ಶ್ರೀಮಂತ ಗಿರಾಕಿಗಳು ‘ನಮ್ಮ ಮಗುವಿಗೂ ಅಂಥದ್ದೇ ಬೇಕು’ ಅಂದಿದ್ದರಿಂದ ಅಲ್ವಾ?

ಚಿಟ್ಟೆ_ರೆಕ್ಕೆ

ಸರಿ ಸರಿ. ಒಂದು ಪಾಯಿಂಟ್ ನಿಮಗೆ.

ಸೂಜಿ_ದಾರ

ನಾನು ಟೈಲರ್. ಮಕ್ಕಳ ಬಟ್ಟೆ ಜಾಸ್ತಿ ಹೊಲಿಯುತ್ತೇನೆ, ಅದಕ್ಕಿಂತ ಜಾಸ್ತಿ ರಿಪೇರಿ ಮಾಡುತ್ತೇನೆ. ಎಲ್ಲರೂ ಬಟ್ಟೆಯ ಮುಂಭಾಗ ನೋಡಿ ಜಗಳ ಆಡುತ್ತಿದ್ದೀರಿ. ಇಬ್ಬರ ಅಮ್ಮ ಅವರೇ, ಜಾಕೆಟ್ಟನ್ನು ಒಳಮೈ ಮೇಲೆ ಮಾಡಿ ಮಂಚದ ಮೇಲೆ ಹರಡಿ.

ಮೊದಲು ಆ ಕಸೂತಿಯ ಹಿಂಬದಿ. ದಾರ ನಿಲ್ಲಲಿ ಅಂತ ಹಿಂದೆ ಕಾಗದದ ಥರ ಒರಟಾದ ಪಟ್ಟಿ ಇಟ್ಟು ಹೊಲಿದಿರುತ್ತಾರೆ. ಅದರ ಮೇಲೆ ಲೈನಿಂಗ್ ಇದೆಯಾ? ಇಲ್ಲದಿದ್ದರೆ ದೊಡ್ಡ ಹೆಸರಿನ ಅಷ್ಟೂ ದಾರದ ಗಂಟುಗಳು ಮಗುವಿನ ಎದೆಗೆ ಉಜ್ಜುತ್ತವೆ. ಎಷ್ಟು ಅಗಲ ಲೋಗೋ ಇರುತ್ತೋ ಅಷ್ಟು ಅಗಲ ಕೆರೆತ. ಆಮೇಲೆ ಕುತ್ತಿಗೆಯ ಲೇಬಲ್. ನೈಲಾನ್ ದಾರದಲ್ಲಿ ಹೊಲಿದಿದ್ದರೆ ಅದರ ತುದಿ ಚುಚ್ಚುತ್ತದೆ. ಮಗು ‘ಈ ಬಟ್ಟೆ ಬೇಡ’ ಅಂತ ಹಠ ಮಾಡಿದರೆ ಅರ್ಧ ಸಲ ಕಾರಣ ಅದೇ.

ಮೂರನೆಯದು, ತೋಳಿನ ಕೊನೆಯ ಮಡಿಕೆಯನ್ನು ಬೆರಳಲ್ಲಿ ಹಿಡಿದು ನೋಡಿ. ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ? ಎರಡು ಬೆರಳಗಲ ಬಿಟ್ಟಿದ್ದರೆ ಹೊಲಿದವನಿಗೆ ಮಕ್ಕಳು ಬೆಳೆಯುತ್ತಾರೆ ಅಂತ ಗೊತ್ತು. ಬಿಚ್ಚಿ ಇನ್ನೊಂದು ವರ್ಷ ಓಡಿಸಬಹುದು. ಓವರ್‌ಲಾಕ್ (ಅಂಚು ಬಿಚ್ಚದಂತೆ ಹಾಕುವ ಮೆಷಿನ್ ಹೊಲಿಗೆ) ಹೊಡೆದು ಅಲ್ಲೇ ಕತ್ತರಿಸಿದ್ದರೆ, ನೀವು ಎಷ್ಟೇ ಕೊಟ್ಟಿರಿ, ಅದು ಒಂದೇ ವರ್ಷದ ಬಟ್ಟೆ. ಲೆಕ್ಕದ ಸರ್ ಹೇಳಿದ ನೆರಿಗೆ ಉಪಾಯ ಹೊಸದೇನಲ್ಲ. ಫ್ರಾಕಿನ ಕೆಳಗೆ ಒಂದೆರಡು ಮಡಿಕೆ ಹಿಡಿದು, ಮಗು ಉದ್ದ ಆದ ಹಾಗೆ ಒಂದೊಂದೇ ಬಿಚ್ಚುತ್ತಿದ್ದೆವು. ಪ್ರಶಸ್ತಿ ಯಾರೂ ಕೊಡಲಿಲ್ಲ.

ಡಿಸೈನರ್ ಬಟ್ಟೆ ಎಲ್ಲಾ ಟೊಳ್ಳು ಅಂತ ನಾನು ಹೇಳುತ್ತಿಲ್ಲ. ಕೆಲವು ನನ್ನ ಕೈಗೆ ಬಂದಾಗ ಹೊಲಿಗೆ ನೋಡಿ ಸುಮ್ನೆ ಕೂತುಬಿಡುತ್ತೇನೆ. ಕಂಕುಳ ಹತ್ತಿರ ಚಪ್ಪಟೆ ಹೊಲಿಗೆ, ಜಿಪ್ಪಿನ ತುದಿಗೆ ಗಲ್ಲಕ್ಕೆ ತಾಗದಂತೆ ಪುಟ್ಟ ಬಟ್ಟೆ ಮುಚ್ಚಳ, ಗುಂಡಿ ಹಿಂದೆ ಇನ್ನೊಂದು ಸಣ್ಣ ಗುಂಡಿ. ಅದಕ್ಕೆ ದುಡ್ಡು ಕೊಡಬಹುದು. ಅದೇ ಕಂಪನಿಯದ್ದೇ ಇನ್ನೊಂದು ಬಟ್ಟೆ ಬರುತ್ತದೆ. ಮಾಮೂಲಿ ಟೀ ಶರ್ಟು, ಮೇಲೆ ಹೆಸರು ಪ್ರಿಂಟು. ಅಲ್ಲಿ ನೀವು ಕೊಡುವುದು ಪ್ರಿಂಟಿಗೆ ಮಾತ್ರ.

ಕೊನೆಯದಾಗಿ, ಇದು ಮುಖ್ಯ. ಟೋಪಿ ಇದ್ದರೆ ಅದರಲ್ಲಿ ಲಾಡಿ ಇದೆಯಾ ನೋಡಿ. ಇದ್ದರೆ ಇವತ್ತೇ ಎಳೆದು ತೆಗೆಯಿರಿ. ಜಾರುಬಂಡೆಯ ಸಂದಿಗೆ, ವಾಹನದ ಬಾಗಿಲಿಗೆ ಲಾಡಿ ಸಿಕ್ಕಿ ಮಕ್ಕಳು ಸತ್ತಿದ್ದಾರೆ. ಅಮೆರಿಕದಲ್ಲಿ 1996ರಲ್ಲೇ ಇದರ ಬಗ್ಗೆ ಸುರಕ್ಷತಾ ಸೂಚನೆ ಬಂತು. ಯುರೋಪಿನ ಇಎನ್ 14682 ಮಾನದಂಡದ ಪ್ರಕಾರ ಏಳು ವರ್ಷದೊಳಗಿನವರ ಬಟ್ಟೆಯಲ್ಲಿ ಟೋಪಿಗೆ, ಕುತ್ತಿಗೆಗೆ ಲಾಡಿ ಇರಲೇಬಾರದು. ದೊಡ್ಡ ಹೆಸರು ಇದೆ ಅಂತ ನಂಬಿ ಕೂರಬೇಡಿ, ಕೈಯಾರೆ ನೋಡಿ.

ಇಬ್ಬರ_ಅಮ್ಮ

ನೋಡಿದೆ. ಲಾಡಿ ಇತ್ತು, ತೆಗೆದೆ. ಕಸೂತಿ ಹಿಂದೆ ಲೈನಿಂಗ್ ಇಲ್ಲ. ತೋಳಲ್ಲಿ ಮಾತ್ರ ಒಳ್ಳೆ ಬಟ್ಟೆ ಬಿಟ್ಟಿದ್ದಾರೆ.

ಒಳಗಿನ ಚೀಟಿಯಲ್ಲಿ ನೀರಿನ ಬಕೆಟ್ ಥರದ ಚಿತ್ರದ ಮೇಲೆ ಅಡ್ಡ ಗೀಟು ಹಾಕಿದ್ದಾರೆ. ಪಕ್ಕದಲ್ಲಿ ವೃತ್ತ, ಅದರೊಳಗೆ ‘ಪಿ’ ಅಕ್ಷರ. ಹಾಗಂದರೇನು?

ನಿದ್ದೆಗೆಟ್ಟವಳು

ನೀರಿಗೆ ಹಾಕಬೇಡಿ, ಡ್ರೈ ಕ್ಲೀನಿಂಗ್‌ಗೆ ಕೊಡಿ ಅಂತ. ಐದು ವರ್ಷದ ಮಗುವಿನ ಜಾಕೆಟ್ಟಿಗೆ! ಇದನ್ನು ಮಾಡಿದವರಿಗೆ ಮಕ್ಕಳಿಲ್ಲ, ಅಥವಾ ಮಕ್ಕಳನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ.

ಚಿಟ್ಟೆ_ರೆಕ್ಕೆ

ಹಹಹ. ಇದಕ್ಕೆ ನಾನೂ ಸಹಿ ಹಾಕುತ್ತೇನೆ. ನನ್ನದೊಂದು ನಿಯಮ: ಮನೆಯ ಮೆಷಿನ್ನಿಗೆ ಹಾಕಲು ಬಾರದ ಮಕ್ಕಳ ಬಟ್ಟೆ ಎಷ್ಟೇ ಚಂದ ಇದ್ದರೂ ಅಂಗಡಿಯಲ್ಲೇ ಬಿಟ್ಟು ಬರೋದು.

ಪಾಠದ_ಮೇಡಂ

ಪ್ರಾಥಮಿಕ ಶಾಲೆಯಲ್ಲೂ ಪ್ರೌಢಶಾಲೆಯಲ್ಲೂ ಪಾಠ ಮಾಡಿದ್ದೇನೆ. ಐದು ವರ್ಷ, ಹನ್ನೆರಡು ವರ್ಷ ಎರಡನ್ನೂ ಒಂದೇ ಪ್ರಶ್ನೆ ಮಾಡಬೇಡಿ.

ಐದು ವರ್ಷದವರಿಗೆ ಬ್ರ್ಯಾಂಡ್ ಅಂದರೆ ಏನೂ ಅಲ್ಲ. ಅವರಿಗೆ ಬಣ್ಣ ಬೇಕು, ಪ್ರಾಣಿ ಚಿತ್ರ ಬೇಕು, ಕಲ್ಲು ತುಂಬಿಕೊಳ್ಳಲು ಜೇಬು ಬೇಕು. ಆ ವಯಸ್ಸಲ್ಲಿ ಲೋಗೋ ತೊಟ್ಟಿರುವುದು ಅಪ್ಪ ಅಮ್ಮ, ಮಗು ಬರೀ ಹ್ಯಾಂಗರ್. ‘ಕೊಳೆ ಮಾಡ್ಕೊಂಡು ಬಂದರೆ ನೋಡು’ ಅಂತ ಕಳಿಸಿದ ಮಗು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಮರಳಿನ ಗುಂಡಿಯ ಅಂಚಲ್ಲಿ ನಿಂತಿರುತ್ತದೆ. ಎರಡೂ ಕೈ ಮೈಗೆ ತಾಗದ ಹಾಗೆ ಸ್ವಲ್ಪ ದೂರ ಹಿಡಿದಿರುತ್ತದೆ. ಬಣ್ಣ ಹಚ್ಚುವ ಹೊತ್ತಿಗೆ ‘ಮಿಸ್, ನಂಗೆ ಬೇಡ’ ಅನ್ನುತ್ತದೆ. ಬಣ್ಣ ಬೇಡ ಅಂತಲ್ಲ ಅದು.

ಹನ್ನೆರಡಕ್ಕೆ ಕಥೆಯೇ ಬೇರೆ. ಅಲ್ಲಿ ತೊಟ್ಟವರು ಅವರೇ. ಯಾರ ಜೊತೆ ಊಟಕ್ಕೆ ಕೂರೋದು, ಯಾರು ಯಾರನ್ನು ಗುಂಪಿಗೆ ಸೇರಿಸೋದು ಅನ್ನುವುದರಲ್ಲೆಲ್ಲ ಬಟ್ಟೆಗೂ ಒಂದು ಮಾತಿದೆ. ದೊಡ್ಡವರು ‘ಅದೆಲ್ಲ ಏನೂ ಅಲ್ಲ’ ಅಂದರೆ ಅವರ ಪಾಲಿಗೆ ನಾವು ಕುರುಡರು.

ಲೆಕ್ಕದ_ಅಪ್ಪ

ಅದಕ್ಕೇ ಅಲ್ವಾ ಮೇಡಂ ಸಮವಸ್ತ್ರ ಇರೋದು?

ಪಾಠದ_ಮೇಡಂ

ಸಮವಸ್ತ್ರ ಒಂದಷ್ಟು ತಗ್ಗಿಸುತ್ತದೆ, ನಿಜ. ಆದರೆ ಪೈಪೋಟಿ ಸಾಯಲ್ಲ, ಜಾಗ ಬದಲಾಯಿಸುತ್ತದೆ. ಅಂಗಿ ಒಂದೇ ಆದರೆ ಶೂ, ಶೂ ಒಂದೇ ಆದರೆ ಬ್ಯಾಗ್, ಅದೂ ಒಂದೇ ಆದರೆ ನೀರಿನ ಬಾಟಲಿ.

ಸಮವಸ್ತ್ರವೇ ದುಬಾರಿ ಆದದ್ದೂ ಇದೆ. 2018ರಲ್ಲಿ ಟೋಕಿಯೊದ ಗಿಂಜಾದಲ್ಲಿರುವ ತೈಮೇ ಪ್ರಾಥಮಿಕ ಶಾಲೆ ಇಟಲಿಯ ದುಬಾರಿ ಬ್ರ್ಯಾಂಡ್ ಅರ್ಮಾನಿ ವಿನ್ಯಾಸದ ಸಮವಸ್ತ್ರ ತಂದಿತು. ಅದು ಸರ್ಕಾರಿ ಶಾಲೆ. ಎಲ್ಲಾ ಸೇರಿ 80,000 ಯೆನ್ ದಾಟುತ್ತಿತ್ತು. ಪೋಷಕರು ದೂರಿದರು, ಮಾತು ಸಂಸತ್ತಿನವರೆಗೂ ಹೋಯಿತು. ಇಂಗ್ಲೆಂಡಿನಲ್ಲಿ ಇದಕ್ಕೆ ಉಲ್ಟಾ. ಸಮವಸ್ತ್ರದ ಖರ್ಚಿನ ಬಗ್ಗೆ 2021ರಲ್ಲಿ ಕಾನೂನೇ ಮಾಡಿದರು. ಶಾಲೆಯ ಲೋಗೋ ಇರುವ ಬಟ್ಟೆಗಳನ್ನು ಆದಷ್ಟು ಕಡಿಮೆ ಇಡಿ, ಮಿಕ್ಕದ್ದನ್ನು ಪೋಷಕರು ಎಲ್ಲಿ ಬೇಕಾದರೂ ಕೊಳ್ಳಲಿ ಅನ್ನುವುದು ಅದರ ಸಾರ.

ಅಜ್ಜಿ_ಆನ್‌ಲೈನ್

ಮಗಾ, ವಾಪಸ್ ಕೊಡುವ ಕೆಲಸ ಮಾತ್ರ ಮಾಡಬೇಡ. ಕೊಟ್ಟವರ ಮನಸ್ಸು ಮುರಿಯುತ್ತೆ. ಮಗು ಹಾಕಿಕೊಂಡು ಕುಣಿಯುವ ಫೋಟೋ ಒಂದು ಕಳಿಸು, ನಾದಿನಿಗೆ ಅಷ್ಟು ಸಾಕು. ಮುಂದಿನ ಸಲ ‘ಅತ್ತಿಗೆ, ಏನು ತರಲಿ’ ಅಂತ ಕೇಳಿದರೆ ಒಂದು ಸೈಜ್ ದೊಡ್ಡದು ಹೇಳು, ಮೆಷಿನ್ನಿಗೆ ಹಾಕುವಂಥದ್ದು ಹೇಳು. ಕೇಳದೇ ತಂದರೆ ಸುಮ್ಮನೆ ಇಸ್ಕೋ.

ನಿಮ್ಮ ಅತ್ತೆಗೆ ಜಾಕೆಟ್ ಮೇಲೆ ಸಿಟ್ಟಿಲ್ಲ. ಮಗಳು ಖರ್ಚು ಮಾಡಿದ್ದರ ಮೇಲೆ ಸಿಟ್ಟು. ಅದು ಅವರಿಬ್ಬರ ಮಧ್ಯೆ ಇರಲಿ, ನೀನು ತಲೆ ಹಾಕಬೇಡ.

ಇಬ್ಬರ_ಅಮ್ಮ

ಅಜ್ಜಿ, ನಿಮಗೆ ನಮ್ಮ ಮನೆ ಕಿಟಕಿ ಕಾಣಿಸುತ್ತಾ?

ಒಬ್ಬಳೇ_ಸಾಕುವವಳು

ಓದುತ್ತಾ ಬಂದೆ. ಒಂದು ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

‘ಮಕ್ಕಳಿಗೆ ಸರಳವಾದ ಬಟ್ಟೆ ಸಾಕು’ ಅನ್ನೋದು ಇದ್ದವರಿಗೆ ಸುಲಭ. ನಿಮ್ಮ ಮಗ ಬಣ್ಣ ಮಾಸಿದ ಟೀ ಶರ್ಟ್ ಹಾಕಿಕೊಂಡು ಶಾಲೆಗೆ ಬಂದರೆ ‘ನೋಡಿ, ಎಷ್ಟು ಸರಳ ಜನ’ ಅನ್ನುತ್ತಾರೆ. ನನ್ನ ಮಗಳು ಅದೇ ಟೀ ಶರ್ಟ್ ಹಾಕಿಕೊಂಡು ಬಂದರೆ ‘ಪಾಪ, ಅಪ್ಪ ಇಲ್ಲ’ ಅನ್ನುತ್ತಾರೆ. ಬಟ್ಟೆ ಒಂದೇ. ನೋಡುವ ಕಣ್ಣು ಬೇರೆ.

ನಾನು ಬೆಳೆದದ್ದು ಪೂರ್ತಿ ದೊಡ್ಡಮ್ಮನ ಮಕ್ಕಳ ಹಳೆ ಬಟ್ಟೆಯಲ್ಲಿ. ಅದರಲ್ಲಿ ತಪ್ಪಿಲ್ಲ. ಆದರೆ ಆ ಅಕ್ಕಂದಿರ ಎದುರಿಗೇ ಅವರ ಫ್ರಾಕ್ ಹಾಕಿಕೊಂಡು ನಿಲ್ಲೋದು ಹೇಗಿರುತ್ತೆ ಅಂತ ನಿಂತವರಿಗೇ ಗೊತ್ತು. ‘ಅಯ್ಯೋ, ಇದು ನಂದಲ್ವಾ’ ಅಂತ ಎಲ್ಲರ ಮುಂದೆ ಪ್ರೀತಿಯಿಂದಲೇ ಅನ್ನೋರು.

ನನ್ನ ಮಗಳಿಗೆ ಒಂದು ಒಳ್ಳೆ ಬ್ರ್ಯಾಂಡಿನ ಜಾಕೆಟ್ ಇದೆ. ಒಂದೇ. ಅದಕ್ಕೆ ದುಡ್ಡು ಕೂಡಿಸಿದ್ದೆ. ಅದನ್ನು ಹಾಕಿಕೊಂಡು ನಾವಿಬ್ಬರೂ ಎಲ್ಲಿಗಾದರೂ ಹೋದರೆ ಕೌಂಟರಿನಲ್ಲಿ ಕೂತವರ ಮಾತಿನ ಧಾಟಿ ಬೇರೆ ಇರುತ್ತೆ. ಇದು ನನ್ನ ಭ್ರಮೆ ಅಲ್ಲ, ಹಾಕದೇ ಹೋದ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಾಗಿ ಅದು ಶೋಕಿ ಅಲ್ಲ, ಗುರಾಣಿ. ಅದನ್ನು ಒಂದು ಸಲಕ್ಕೆ ಎಷ್ಟು ಅಂತ ಭಾಗಿಸಿ ನೋಡಲು ನನಗೆ ಬರಲ್ಲ ಲೆಕ್ಕದ ಸರ್.

ಲೆಕ್ಕದ_ಅಪ್ಪ

ನೀವು ಹೇಳಿದ್ದು ತಟ್ಟಿತು. ಆದರೂ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೀಗೆ ನೋಡುವ ಕಣ್ಣಿಗೆ ನಾವು ಬಟ್ಟೆ ತೊಡಿಸುತ್ತಾ ಹೋದರೆ ಕೊನೆ ಎಲ್ಲಿ? ಇವತ್ತು ಜಾಕೆಟ್, ನಾಳೆ ಶೂ, ಆಮೇಲೆ ಫೋನ್. ಆ ಕಣ್ಣಿಗೆ ಯಾವತ್ತೂ ಹೊಟ್ಟೆ ತುಂಬಲ್ಲ.

ಒಬ್ಬಳೇ_ಸಾಕುವವಳು

ತುಂಬಲ್ಲ, ಗೊತ್ತು. ಆದರೆ ಆ ಕಣ್ಣನ್ನು ತಿದ್ದುವ ಕೆಲಸ ನನ್ನ ಮಗಳದ್ದಾ? ಅವಳಿಗೆ ಒಂಬತ್ತು ವರ್ಷ. ನಿಮ್ಮಂಥವರು ತಿದ್ದಿ, ತಿದ್ದಿದ ದಿನ ನಾನೂ ಹಳೆ ಟೀ ಶರ್ಟ್ ಹಾಕಿಸುತ್ತೇನೆ.

ಪಾಠದ_ಮೇಡಂ

ನಿಜ ಇದು. ಸ್ಟಾಫ್ ರೂಮಿನಲ್ಲೂ ನಡೆಯುತ್ತದೆ. ಇಬ್ಬರು ಮಕ್ಕಳು ಒಂದೇ ತರಲೆ ಮಾಡಿದರೆ ಇಸ್ತ್ರಿ ಮಾಡಿದ ಬಟ್ಟೆಯವನು ‘ಚುರುಕು’, ಇನ್ನೊಬ್ಬ ‘ಪುಂಡ’. ನಾನು ಹೊರಗಿನವರನ್ನು ದೂರುತ್ತಿಲ್ಲ.

ಖರ್ಚಿಲ್ಲದ_ಮಾತು

ಏನೇ ಹೇಳಿ, ಬೆಲೆ ಜಾಸ್ತಿ ಇದ್ದರೆ ಹೊಲಿದವರಿಗೆ ಕೂಲಿಯಾದರೂ ಸರಿಯಾಗಿ ಸಿಕ್ಕಿರುತ್ತದೆ. ಅಗ್ಗದ ಬಟ್ಟೆ ಬೇರೆ ಯಾರದ್ದೋ ಬೆವರು. 2013ರಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಅನ್ನುವ ಗಾರ್ಮೆಂಟ್ಸ್ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರು. ಅಲ್ಲಿ ಹೊಲಿಯುತ್ತಿದ್ದುದು ಹೆಚ್ಚಾಗಿ ಅಗ್ಗದ ಬ್ರ್ಯಾಂಡುಗಳಿಗೆ.

ಸೂಜಿ_ದಾರ

ಅಗ್ಗದ್ದರ ಬಗ್ಗೆ ನೀವು ಹೇಳಿದ್ದು ಸರಿ. ದುಬಾರಿಯದ್ದರ ಬಗ್ಗೆ ಅಷ್ಟು ನಂಬಿಕೆ ಬೇಡ. 2024ರಲ್ಲಿ ಮಿಲಾನಿನ ನ್ಯಾಯಾಲಯ ಅರ್ಮಾನಿ, ಡಿಯೋರ್ ಎರಡರ ಒಂದೊಂದು ಅಂಗಸಂಸ್ಥೆಯನ್ನು ತನ್ನ ನಿಗಾದಲ್ಲಿ ಇಟ್ಟಿತು. ಅವರಿಂದ ಕೆಲಸ ಪಡೆದ ಉಪಗುತ್ತಿಗೆ ವರ್ಕ್‌ಶಾಪುಗಳಲ್ಲಿ ಕಾರ್ಮಿಕರನ್ನು ಶೋಷಿಸಲಾಗುತ್ತಿತ್ತು, ಕಂಪನಿಗಳು ಸರಿಯಾಗಿ ಗಮನಿಸಲಿಲ್ಲ ಅನ್ನುವ ಕಾರಣಕ್ಕೆ. ಮರುವರ್ಷ ಆ ನಿಗಾ ತೆಗೆದರು. ಅದು ಬ್ಯಾಗುಗಳ ವಿಷಯ, ಮಕ್ಕಳ ಬಟ್ಟೆಯದ್ದಲ್ಲ. ಆದರೆ ಬೆಲೆ ಚೀಟಿ ನೋಡಿ ಕೂಲಿ ಊಹಿಸಲು ಆಗಲ್ಲ ಅನ್ನೋದಕ್ಕೆ ಅಷ್ಟು ಸಾಕು.

ನಿದ್ದೆಗೆಟ್ಟವಳು

ಮಾರಾಟ ಆಗದ್ದನ್ನು ಸುಡುತ್ತಿದ್ದರಲ್ಲ, ಅದನ್ನೂ ಸೇರಿಸಿ. ಬ್ರಿಟನ್ನಿನ ದುಬಾರಿ ಬ್ರ್ಯಾಂಡ್ ಬರ್ಬೆರಿ ಒಂದೇ ವರ್ಷದಲ್ಲಿ 2.8 ಕೋಟಿ ಪೌಂಡಿಗೂ ಮೀರಿದ ಸರಕು ನಾಶ ಮಾಡಿದ್ದು 2018ರಲ್ಲಿ ಸುದ್ದಿಯಾಯಿತು. ಗಲಾಟೆ ಆದ ಮೇಲೆ ನಿಲ್ಲಿಸಿದರು. ಫ್ರಾನ್ಸ್ 2022ರಿಂದ ಹಾಗೆ ನಾಶ ಮಾಡೋದನ್ನೇ ನಿಷೇಧಿಸಿದೆ.

ಜಗಲಿ_ನಿರ್ವಾಹಕ

ಒಂದು ಪ್ರತಿಕ್ರಿಯೆ ತೆಗೆದಿದ್ದೇವೆ. ‘ದುಡ್ಡಿನ ಕೊಬ್ಬು’ ಅನ್ನುವ ಮಾತು ಇಲ್ಲಿ ಬೇಡ. ಬಟ್ಟೆ ಬಗ್ಗೆ ಬೈಯಿರಿ, ತೊಟ್ಟವರನ್ನಲ್ಲ. ಮೂಲ ಪ್ರಶ್ನೆಯ ಇನ್ನೊಂದು ಅರ್ಧ, ಹನ್ನೆರಡರ ಹುಡುಗಿಯದ್ದು, ಹಾಗೇ ಉಳಿದಿದೆ.

ಹದಿನೇಳು

ಅಮ್ಮನ ಅಕೌಂಟಿನಲ್ಲಿ ಓದುತ್ತಿದ್ದೆ, ತಡೆಯಲಾಗದೆ ನನ್ನದೇ ಅಕೌಂಟ್ ತೆರೆದೆ. ನನಗೆ ಹದಿನೇಳು.

ಆಂಟಿ, ನಿಮ್ಮ ಮಗಳಿಗೆ ಹೂಡಿ ಬೇಕಿರೋದು ಹೂಡಿಗಾಗಿ ಅಲ್ಲ. ಅದು ಇದ್ದರೆ ಅವಳ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕೆ. ಎದ್ದು ಕಾಣೋಕೆ ಬ್ರ್ಯಾಂಡ್ ಬೇಕು ಅಂತ ದೊಡ್ಡವರು ಅಂದುಕೊಂಡಿದ್ದೀರಿ. ನಮಗೆ ಕಾಣದೇ ಇರೋಕೆ ಬೇಕು.

ನಕಲಿ ಮಾತ್ರ ತಂದುಕೊಡಬೇಡಿ. ಗೊತ್ತಾಗಲ್ಲ ಅಂದುಕೊಳ್ಳುತ್ತೀರಿ. ನಮ್ಮ ಕ್ಲಾಸಲ್ಲಿ ಹೊಲಿಗೆ ನೋಡಿ, ಅಕ್ಷರದ ದಪ್ಪ ನೋಡಿ ಒಂದು ನಿಮಿಷದಲ್ಲಿ ಹೇಳುತ್ತಾರೆ. ಬ್ರ್ಯಾಂಡ್ ಇಲ್ಲದ ಬಟ್ಟೆಗೆ ಎರಡು ದಿನ ನಗುತ್ತಾರೆ. ನಕಲಿಗೆ ವರ್ಷ ಪೂರ್ತಿ ಅಡ್ಡಹೆಸರು.

ಇನ್ನೊಂದು. ‘ಹಳೇದು ಚೆನ್ನಾಗೇ ಇದೆಯಲ್ಲ’ ಅಂತ ನಮ್ಮಪ್ಪ ಪಾಠ ಮಾಡುತ್ತಾರೆ. ಚೆನ್ನಾಗೇ ಇರೋ ಫೋನನ್ನು ಅವರು ಬದಲಾಯಿಸುವಾಗ ನಾನು ಏನೂ ಕೇಳಿಲ್ಲ.

ಲೆಕ್ಕದ_ಅಪ್ಪ

ನನ್ನ ಮಗ ಅಲ್ಲ ತಾನೇ ನೀನು?

ಹದಿನೇಳು

ಅಲ್ಲ ಅಂಕಲ್. ಆದರೆ ಎಲ್ಲಾ ಅಪ್ಪಂದಿರಿಗೂ ಹೀಗೇ ಅನ್ನಿಸುತ್ತೆ.

ಪಾಠದ_ಮೇಡಂ

‘ಕಾಣದೇ ಇರೋಕೆ ಬೇಕು.’ ಇದನ್ನು ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇನೆ ಮರಿ, ನಿನ್ನ ಒಪ್ಪಿಗೆ ಇದ್ದರೆ.

ಚಿಟ್ಟೆ_ರೆಕ್ಕೆ

ಈ ಹೊರಗೆ ಕಾಣುವ ಲೋಗೋ ಬಂದದ್ದೇ ಎಲ್ಲದಕ್ಕೂ ಮೂಲ. ಮೊದಲೆಲ್ಲ ಕಂಪನಿ ಹೆಸರು ಕಾಲರಿನ ಒಳಗೆ ಇರುತ್ತಿತ್ತು. ರೆನೆ ಲಕೋಸ್ಟ್ ಅನ್ನುವ ಫ್ರೆಂಚ್ ಟೆನಿಸ್ ಆಟಗಾರನನ್ನು ‘ಮೊಸಳೆ’ ಅಂತ ಕರೆಯುತ್ತಿದ್ದರು. 1933ರಲ್ಲಿ ಅವನು ಅಂಗಿ ಕಂಪನಿ ಶುರು ಮಾಡಿ ಎದೆ ಮೇಲೆ ಮೊಸಳೆ ಕೂರಿಸಿದ. ಅಲ್ಲಿಂದ ಒಂದೊಂದೇ ಪ್ರಾಣಿ ಹೊರಗೆ ಬಂತು. ನಾನು ತರುವ ಬಟ್ಟೆಯಲ್ಲಿ ಹೆಸರು ಒಳಗೇ ಇರುತ್ತದೆ, ಬೇಕಾದರೆ ಬಂದು ನೋಡಿ.

ನಿದ್ದೆಗೆಟ್ಟವಳು

ನನಗೆ ಸಿಟ್ಟು ಬರೋದು ಅಲ್ಲೇ. ಎದೆ ತುಂಬ ಹೆಸರು ಬರೆದು ನಮ್ಮ ಮಕ್ಕಳ ಕೈಲಿ ಬಿಟ್ಟಿ ಜಾಹೀರಾತು ಮಾಡಿಸುತ್ತಾರೆ, ಅದಕ್ಕೆ ನಾವೇ ದುಡ್ಡು ಕೊಡಬೇಕು. ಸ್ವೀಡನ್ನಿನಲ್ಲಿ 1991ರಿಂದ 12 ವರ್ಷದೊಳಗಿನವರನ್ನು ಗುರಿ ಮಾಡಿದ ಟಿವಿ ಜಾಹೀರಾತು ಇಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 1980ರಿಂದಲೇ 13ರೊಳಗಿನವರಿಗೆ ಜಾಹೀರಾತು ನಿಷೇಧ. ಒಳ್ಳೆಯದೇ. ಆದರೆ ಪಕ್ಕದ ಬೆಂಚಿನ ಹುಡುಗಿಯ ಹೂಡಿಯನ್ನು ಯಾವ ಕಾನೂನು ತಡೆಯುತ್ತೆ?

ಫೋಟೋ ಹುಚ್ಚು ಬೇರೆ. ಎಷ್ಟೋ ಡಿಸೈನರ್ ಬಟ್ಟೆ ಮಗುವಿನ ಮೈಮೇಲೆ ಇರೋದು ಫೋಟೋ ಮುಗಿಯುವ ತನಕ. ಕೆಲವರಿಗೆ ಅದೇ ಆದಾಯ. ಫ್ರಾನ್ಸಿನಲ್ಲಿ 2020ರಲ್ಲಿ ಇದಕ್ಕೂ ಕಾನೂನು ಬಂತು. 16ರೊಳಗಿನ ಮಕ್ಕಳ ವಿಡಿಯೋದಿಂದ ಬರುವ ದುಡ್ಡಿನಲ್ಲಿ ಒಂದು ಪಾಲು ಮಗುವಿನ ಹೆಸರಲ್ಲೇ ಇರಬೇಕು.

ಇಬ್ಬರ_ಅಮ್ಮ

ಹದಿನೇಳು ಬರೆದದ್ದನ್ನು ಮಗಳಿಗೆ ತೋರಿಸಿದೆ. ‘ಇದನ್ನೇ ಅಲ್ವಾ ನಾನು ಹೇಳಿದ್ದು’ ಅಂದಳು. ಅವಳು ಹೀಗೆ ಹೇಳಿರಲಿಲ್ಲ, ಬಾಗಿಲು ಧಡಾರ್ ಅಂತ ಹಾಕಿದ್ದಳು ಅಷ್ಟೇ. ಇರಲಿ.

ಆದರೆ ಅವಳು ಕೇಳಿದ ಹೂಡಿಗೆ ನಮ್ಮ ಕೈ ಓಡಲ್ಲ. ಇದನ್ನು ಹೇಗೆ ನಿಭಾಯಿಸೋದು?

ಅರ್ಧ_ನಿನ್ನದು

ನಮ್ಮ ಮನೆ ಪದ್ಧತಿ ಹೇಳುತ್ತೇನೆ. ಮಗಳಿಗೆ ಹೂಡಿ ಬೇಕು ಅಂದರೆ ಒಂದು ಗಟ್ಟಿಮುಟ್ಟಾದ ಮಾಮೂಲಿ ಹೂಡಿಗೆ ಎಷ್ಟಾಗುತ್ತೋ ಅಷ್ಟು ನಾವು ಕೊಡುತ್ತೇವೆ. ಅದು ನಮ್ಮ ಜವಾಬ್ದಾರಿ. ಹೆಸರಿಗೆ ಅಂತ ಮೇಲೆ ಬೀಳುವುದು ಅವಳದ್ದು. ಯಾರಾದರೂ ಕೈಗೆ ಕೊಟ್ಟ ದುಡ್ಡು, ಕೂಡಿಸಿಟ್ಟದ್ದು, ಏನಾದರೂ ಸರಿ. ಕೂಡಿಸಿ ಕೊಂಡರೆ ಒಂದೇ ಒಂದು ಮಾತು ಆಡುವ ಹಾಗಿಲ್ಲ. ‘ಇಷ್ಟಕ್ಕೆ ಎರಡು ಬರುತ್ತಿತ್ತು’ ಅನ್ನೋದೂ ಇಲ್ಲ. ನನ್ನ ಹೆಂಡತಿಗೆ ಇದೇ ಬಹಳ ಕಷ್ಟ.

ಇದರಲ್ಲಿ ನನಗೆ ಇಷ್ಟವಾದದ್ದು, ಬೇಡ ಅನ್ನುವ ಕೆಲಸ ನನ್ನದಲ್ಲ. ಮಗಳೇ ಅಂಗಡಿಯಲ್ಲಿ ನಿಂತು ಚೀಟಿ ತಿರುಗಿಸಿ ನೋಡುತ್ತಾಳೆ, ಮನಸ್ಸಲ್ಲೇ ಕಳೆಯುತ್ತಾಳೆ, ಕೆಲವು ಸಲ ತಾನೇ ವಾಪಸ್ ನೇತುಹಾಕುತ್ತಾಳೆ. ಕೆಲವು ಸಲ ಕೊಂಡೇಬಿಡುತ್ತಾಳೆ. ಕೊಂಡದ್ದನ್ನು ತಾನೇ ಒಗೆಯುತ್ತಾಳೆ ಅನ್ನೋದು ಹೆಚ್ಚುವರಿ ಲಾಭ.

ಒಬ್ಬಳೇ_ಸಾಕುವವಳು

ಚೆನ್ನಾಗಿದೆ. ಆದರೆ ಕೈಗೆ ದುಡ್ಡು ಕೊಡುವ ನೆಂಟರು ಇರುವ ಮಕ್ಕಳಿಗೆ ಮಾತ್ರ. ಎಲ್ಲರಿಗೂ ಇರಲ್ಲ. ಇಬ್ಬರ ಅಮ್ಮ ಅವರೇ, ಸೆಕೆಂಡ್ ಹ್ಯಾಂಡ್ ನೋಡಿ. ಡಿಸೈನರ್ ಬಟ್ಟೆಗೆ ಒಂದು ಗುಣ ಇದೆ, ಮಕ್ಕಳು ಅದನ್ನು ಹರಿಯುವ ಮೊದಲೇ ಬೆಳೆದುಬಿಡುತ್ತಾರೆ. ಹೊಸದರ ಹಾಗೇ ಇರುವುದು ಸಿಗುತ್ತದೆ. ಮಗಳನ್ನೇ ಕೂರಿಸಿಕೊಂಡು ಹುಡುಕಿ, ಅವಳೇ ಆರಿಸಿದರೆ ‘ಹಳೇದು’ ಅನ್ನಿಸಲ್ಲ. ಗೊತ್ತಿರುವವರ ಮಕ್ಕಳದ್ದು ಮಾತ್ರ ಬೇಡ. ಯಾಕೆ ಅಂತ ಮೇಲೆ ಬರೆದಿದ್ದೇನೆ.

ಸೂಜಿ_ದಾರ

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮೂರು ಜಾಗ ನೋಡಿ: ಮೊಣಕೈ, ಮಣಿಕಟ್ಟಿನ ಎಲಾಸ್ಟಿಕ್, ಜಿಪ್ಪಿನ ಬುಡ. ಜಿಪ್ಪಿನ ಬುಡದಲ್ಲಿ ಪಿನ್ ಸಡಿಲ ಇದ್ದರೆ ಬಿಟ್ಟುಬಿಡಿ, ಬದಲಾಯಿಸುವ ಖರ್ಚು ಸುಮ್ನೆ ದಂಡ. ಮಿಕ್ಕದ್ದೆಲ್ಲ ಸರಿ ಮಾಡಬಹುದು.

ಪುಟ್ಟ ಮಕ್ಕಳಿರುವವರಿಗೆ: ಓಕೋ-ಟೆಕ್ಸ್ (OEKO-TEX) ಸ್ಟ್ಯಾಂಡರ್ಡ್ 100 ಅನ್ನುವ ಚೀಟಿ ಹುಡುಕಿ. ಬಟ್ಟೆಯಲ್ಲಿ ಅಪಾಯದ ರಾಸಾಯನಿಕ ಇದೆಯಾ ಅಂತ ಪರೀಕ್ಷಿಸಿ ಕೊಡುವುದು. ಮೂರು ವರ್ಷದವರೆಗಿನ ಮಕ್ಕಳ ಬಟ್ಟೆಗೆ ಅದರಲ್ಲಿ ಎಲ್ಲಕ್ಕಿಂತ ಬಿಗಿಯಾದ ಮಿತಿ ಇದೆ. ಮಾಮೂಲಿ ಬೆಲೆಯ ಬಟ್ಟೆಯಲ್ಲೂ ಸಿಗುತ್ತದೆ.

ಇಬ್ಬರ_ಅಮ್ಮ

ಮಗಳ ಜೊತೆ ಕೂತು ಹುಡುಕುತ್ತಿದ್ದೇನೆ. ಕಸೂತಿ ಹಿಂದಿನ ಒರಟು ಪಟ್ಟಿಗೆ ಏನು ಮಾಡಲಿ? ಕತ್ತರಿಸಿ ತೆಗೆದರೆ?

ಸೂಜಿ_ದಾರ

ಕತ್ತರಿಸಬೇಡಿ, ಕಸೂತಿ ಸುಕ್ಕಾಗುತ್ತದೆ. ಒಗೆದು ಒಗೆದು ಮೆತ್ತಗಾದ ಹಳೆ ಹತ್ತಿ ಬಟ್ಟೆಯ ತುಂಡು ತಗೊಳ್ಳಿ. ಲೋಗೋಗಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿ, ಅಂಚು ಮಡಚಿ, ಒಳಗಿನಿಂದ ಕೈಹೊಲಿಗೆ ಹಾಕಿ. ಸೂಜಿ ಹೊರಮೈಗೆ ಬರದ ಹಾಗೆ ಒಂದೊಂದೇ ಎಳೆ ಎತ್ತಿ. ಒಂದು ಗಂಟೆ ಕೆಲಸ.

ಖರ್ಚಿಲ್ಲದ_ಮಾತು

ಬಟ್ಟೆ ಆಯಿತು. ಶೂ ಬಗ್ಗೆ ಯಾರಾದರೂ ಹೇಳಿ. ನನ್ನ ಮಗನಿಗೆ ಎಂಟು, ಬ್ರ್ಯಾಂಡಿನ ಶೂ ಬಿಟ್ಟು ಬೇರೆ ಮುಟ್ಟಲ್ಲ. ಅಣ್ಣನ ಮಗನದ್ದು ಒಂದು ಜೊತೆ ಚೆನ್ನಾಗಿದೆ, ಅದನ್ನೇ ಹಾಕಿಸಬಹುದಾ?

ನಿದ್ದೆಗೆಟ್ಟವಳು

ಅಂಗಿ ಹಾಕಿಸಿ, ಶೂ ಬೇಡ. ಜಾಸ್ತಿ ತೊಟ್ಟ ಶೂ ಮೊದಲು ತೊಟ್ಟವನ ಪಾದದ ಹಾಗೆ ಒಳಗೆ ತಗ್ಗು ಬಿದ್ದಿರುತ್ತದೆ. ಹಿಮ್ಮಡಿ ಒಂದು ಕಡೆಗೆ ಸವೆದಿದ್ದರೆ ಮುಟ್ಟಲೇಬೇಡಿ. ಹೊಸದೇ ಕೊಳ್ಳಿ, ಬ್ರ್ಯಾಂಡ್ ಆಮೇಲೆ ನೋಡೋಣ. ನಿಲ್ಲಿಸಿ, ಉದ್ದದ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಗಲ ಜಾಗ ಇದೆಯಾ ನೋಡಿ.

ಜಗಲಿ_ನಿರ್ವಾಹಕ

ಶೂಗೆ ದಯವಿಟ್ಟು ಬೇರೆ ಚರ್ಚೆ ತೆರೆಯಿರಿ. ಅದು ಇದಕ್ಕಿಂತ ಉದ್ದ ಆಗುತ್ತೆ ಅಂತ ಅನುಭವದಿಂದ ಹೇಳುತ್ತಿದ್ದೇನೆ.